ಒಬ್ಬರು, ಆದರೆ ಎರಡು: ಯೇಸುವಿನ ದೈವತ್ವ ಮತ್ತು ಮಾನವತ್ವ

ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದಲ್ಲಾಗಲಿ, ಮಲೆನಾಡಿನ ಯಾವುದೇ ಸಣ್ಣ ಕಥೋಲಿಕ ಚರ್ಚಿನಲ್ಲಾಗಲಿ, ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಿ. ವಿಶ್ವಾಸ ಸಂಗ್ರಹವನ್ನು, ಅಂದರೆ ತಮ್ಮ ನಂಬಿಕೆಯ ಸಾರವನ್ನು ಹೇಳುವ ಪ್ರಾರ್ಥನೆಯನ್ನು, ಒಟ್ಟಿಗೆ ಹೇಳುತ್ತಿರುವ ಜನ ನಡುವೆ ಒಂದು ಕಡೆ ತಲೆ ಬಾಗುತ್ತಾರೆ. ಭೂಮ್ಯಾಕಾಶಗಳ ಸೃಷ್ಟಿಯ ಮಾತಿಗಲ್ಲ, ಪುನರುತ್ಥಾನದ ಮಾತಿಗೂ ಅಲ್ಲ. ದೇವಪುತ್ರರು ಕನ್ಯಾಮರಿಯಮ್ಮನವರಲ್ಲಿ ಜನಿಸಿ ಮನುಷ್ಯರಾದರು ಅನ್ನುವ ಸಾಲಿಗೆ. ಕ್ರಿಸ್‌ಮಸ್ ದಿನ ಮತ್ತು ಮಾರ್ಚ್ 25ರ ಮಂಗಳವಾರ್ತೆಯ ಹಬ್ಬದಂದು ಅದೇ ಸಾಲಿಗೆ ಮೊಣಕಾಲೂರುತ್ತಾರೆ.

ಕ್ರೈಸ್ತ ನಂಬಿಕೆಯ ಎಲ್ಲ ಮಾತುಗಳಲ್ಲಿ ತಿಳಿಸಿ ಹೇಳಲು ಅತ್ಯಂತ ಕಷ್ಟವಾದದ್ದು ಇದೇ ಸಾಲು. "ಅಂದರೆ ಯೇಸು ಅರ್ಧ ದೇವರು, ಅರ್ಧ ಮನುಷ್ಯ, ಅಲ್ಲವೇ?" ಅಂತ ಕೇಳುವವರಿದ್ದಾರೆ. ಅಲ್ಲ. "ದೇವರು ಮನುಷ್ಯನ ವೇಷದಲ್ಲಿ ಬಂದದ್ದು?" ಅದೂ ಅಲ್ಲ. "ಹಾಗಾದರೆ ದೇವರಾಗಿ ಬೆಳೆದ ಮಹಾಪುರುಷ?" ಅದಂತೂ ಅಲ್ಲ. ಇಷ್ಟು ಸಲ ಅಲ್ಲ ಅಂದಮೇಲೆ ಹೌದು ಅನ್ನುವುದು ಯಾವುದಕ್ಕೆ? ಈ ಒಂದು ಪ್ರಶ್ನೆಗೆ ಕ್ರೈಸ್ತ ಸಭೆ, ಅಂದರೆ ಇಡೀ ಚರ್ಚ್, ನಿಖರವಾದ ಮಾತು ಹುಡುಕಿಕೊಳ್ಳುವುದಕ್ಕೆ 325ರಿಂದ 681ರವರೆಗೆ, ಮೂರೂವರೆ ಶತಮಾನ ಹಿಡಿಯಿತು.

ಕನ್ನಡಿಗರಿಗೆ ಇಲ್ಲೊಂದು ಅನುಕೂಲ ಇದೆ, ಅದು ನಮ್ಮ ವ್ಯಾಕರಣದಲ್ಲೇ ಇದೆ. ಅಡಿಕೆ ತೋಟದ ಆಚೆ ತುದಿಯಲ್ಲಿ ಮಬ್ಬಿನಲ್ಲಿ ಏನೋ ಅಲುಗಿದರೆ ಮೊದಲು "ಏನದು?" ಅನ್ನುತ್ತೇವೆ. ಹಂದಿಯೋ, ಹಸುವೋ, ಮನುಷ್ಯನೋ ಅಂತ ಜಾತಿ ಕೇಳುವ ಪ್ರಶ್ನೆ ಅದು. ಮನುಷ್ಯ ಅಂತ ಗೊತ್ತಾದ ಕ್ಷಣ ಮಾತು "ಯಾರದು?" ಅಂತ ಬದಲಾಗುತ್ತದೆ. "ಏನು" ಅಂದರೆ ಯಾವ ಬಗೆಯ ಇರವು. "ಯಾರು" ಅಂದರೆ ಆ ಇರವನ್ನು ಹೊತ್ತವರು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಯಾರು ಒಂದು, ಏನು ಒಂದು. ಯೇಸುವಿನ ವಿಷಯದಲ್ಲಿ ಸಭೆ ಹೇಳುವುದು: ಯಾರು ಅಂದರೆ ಒಬ್ಬರೇ, ತಂದೆಯ ನಿತ್ಯ ಪುತ್ರರು. ಏನು ಅಂದರೆ ಎರಡು, ಪೂರ್ತಿ ದೇವರು ಮತ್ತು ಪೂರ್ತಿ ಮನುಷ್ಯರು. ಕನ್ನಡದಲ್ಲಿ ಎಣಿಕೆಯ ಪದಗಳೂ ಇದಕ್ಕೆ ಒದಗುತ್ತವೆ: ಇಬ್ಬರಲ್ಲ, ಒಬ್ಬರು, ಒಂದಲ್ಲ, ಎರಡು. "ಯಾರು" ಅನ್ನುವ ಪ್ರಶ್ನೆಗೆ "ಏನು" ಎಂಬುದರ ಉತ್ತರ ಕೊಟ್ಟಾಗ, ಅಥವಾ ಅದನ್ನು ತಿರುಗಿಸಿ ಹೇಳಿದಾಗ, ಎಲ್ಲ ತಪ್ಪುಗಳೂ ಹುಟ್ಟಿಕೊಂಡಿವೆ.

ಮುಂದೆ ಹೋಗುವ ಮೊದಲು ನಾವು ಬಳಸುವ ಪದಗಳನ್ನು ಸ್ವಲ್ಪ ಒರೆಸಿ ನೋಡಬೇಕು. ಮಕ್ಕಳಿಗೆ ನಂಬಿಕೆಯ ಪಾಠ ಹೇಳುವ ಧರ್ಮೋಪದೇಶದಲ್ಲಿ "ಎರಡು ಸ್ವಭಾವಗಳು" ಅನ್ನುತ್ತೇವೆ. ಮನೆಮಾತಿನಲ್ಲಿ ಸ್ವಭಾವ ಅಂದರೆ ಗುಣ: ಅವನದು ಸಿಡುಕು ಸ್ವಭಾವ, ಅವಳದು ಮೆದು ಸ್ವಭಾವ. ಆ ಅರ್ಥದಲ್ಲಿ ಕೇಳಿಸಿಕೊಂಡ ಮಗುವಿಗೆ ಯೇಸುವಿಗೆ ಎರಡು ಮನಸ್ಥಿತಿ ಇತ್ತೇನೋ ಅನ್ನಿಸಿದರೆ ಅದು ಮಗುವಿನ ತಪ್ಪಲ್ಲ. ಇಲ್ಲಿ ಸ್ವಭಾವ ಅಂದರೆ ಒಂದನ್ನು ಅದಾಗಿಸುವ ಇರವು. "ಮನುಷ್ಯತ್ವ" ಅಂದರೂ ಎಡವಟ್ಟು, ಮನುಷ್ಯತ್ವ ಇಲ್ಲದವನು ಅಂದರೆ ಕರುಣೆ ಇಲ್ಲದವನು ಅಂತ ನಮ್ಮಲ್ಲಿ ಅರ್ಥ. ಅದಕ್ಕೇ ಮಾನವತ್ವ ಅನ್ನುವುದು ಮೇಲು. ಎಲ್ಲಕ್ಕಿಂತ ಅಪಾಯದ ಪದ "ಅಂಶ". ದೇವಾಂಶ ಅಂದ ಕೂಡಲೇ ದೇವರನ್ನು ತುಂಡು ಮಾಡಿದಂತಾಯಿತು, ಯೇಸುವಿನಲ್ಲಿ ಒಂದು ತುಂಡು ಇತ್ತು ಅಂದಂತಾಯಿತು. ಈ ಪದವನ್ನು ಪೂರ್ತಿ ಬಿಟ್ಟುಬಿಡುವುದೇ ಒಳ್ಳೆಯದು.

ಇನ್ನು "ಅವತಾರ". ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಓದುವ ಹಳೆಯ ಕನ್ನಡ ಬೈಬಲ್ಲಿನಲ್ಲೇ ಯೋಹಾನ 1:14ರಲ್ಲಿ "ನರಾವತಾರ" ಅನ್ನುವ ಪದ ಇದೆ. ಗ್ರೀಕ್ ಮೂಲದಲ್ಲಿ ಇರುವುದು ಇನ್ನೂ ಒರಟಾದ ಮಾತು: ವಾಕ್ಯವು ಮಾಂಸವಾಯಿತು. ಇಲ್ಲಿ ವಾಕ್ಯ ಅಂದರೆ ದೇವಪುತ್ರರೇ. ಅನುವಾದಕರು ನಾಡಿನ ಪದವನ್ನು ಎತ್ತಿಕೊಂಡದ್ದು ಸಹಜ, ಆದರೆ ಆ ಪದದ ಜೊತೆ ಬರುವ ಸಾಮಾನು ಸರಂಜಾಮನ್ನು ಬೇರ್ಪಡಿಸಿಕೊಳ್ಳಬೇಕು. ನಮ್ಮ ಸುತ್ತಲಿನ ಮಾಧ್ವ ಸಂಪ್ರದಾಯದಲ್ಲಿ ಅವತಾರದ ದೇಹ ಪ್ರಾಕೃತವಲ್ಲ, ಅಂದರೆ ನಮ್ಮಂತೆ ಪ್ರಕೃತಿಯಿಂದ ಆದದ್ದಲ್ಲ. ರಾಮ ಸೀತೆಗಾಗಿ ಅತ್ತದ್ದು ನಿಜವಾದ ದುಃಖವಲ್ಲ, ಲೋಕಕ್ಕೆ ತೋರಿಸಿದ ವಿಡಂಬನೆ. ಅದು ಆ ಸಿದ್ಧಾಂತದ ಒಳಗೆ ಸುಸಂಬದ್ಧವಾದ ಮಾತು. ಕ್ರೈಸ್ತ ಸಿದ್ಧಾಂತ ಸರಿಯಾಗಿ ಇದಕ್ಕೆ ಎದುರು ದಿಕ್ಕಿನಲ್ಲಿ ಹೋಗುತ್ತದೆ: ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಅತ್ತದ್ದು ನಿಜವಾದ ಅಳು, ಆ ದೇಹ ನಮ್ಮದೇ ರಕ್ತಮಾಂಸ. ಜೊತೆಗೆ, ಇದು ಒಂದೇ ಸಲ ಆದದ್ದು. ಒಮ್ಮೆ ತೆಗೆದುಕೊಂಡ ಮಾನವತ್ವವನ್ನು ಕಳಚಿಟ್ಟದ್ದೂ ಇಲ್ಲ.

ಸಿದ್ಧಾಂತಕ್ಕಿಂತ ಮೊದಲು ಬಂದದ್ದು ಸುವಾರ್ತೆಯ ದೃಶ್ಯಗಳು. ಒಂದನ್ನು ಹತ್ತಿರದಿಂದ ನೋಡೋಣ, ಮಾರ್ಕನ 4ನೇ ಅಧ್ಯಾಯ. ಇಡೀ ದಿನ ದಡದಲ್ಲಿ ಬೋಧಿಸಿ ಸಂಜೆ ದೋಣಿ ಹತ್ತಿದ್ದಾರೆ. ಬಿರುಗಾಳಿ ಎದ್ದು ದೋಣಿಯೊಳಗೆ ನೀರು ತುಂಬುತ್ತಿದೆ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದಾರೆ. ಆ ತಲೆದಿಂಬು ಕಥೆಗೆ ಬೇಕಿರಲಿಲ್ಲ. ಮಾರ್ಕ ಅದನ್ನು ಬಿಟ್ಟಿಲ್ಲ. ದಣಿದ ದೇಹ, ಒರಗಲು ಸಿಕ್ಕ ಒಂದು ದಿಂಬು, ನೀರು ನುಗ್ಗಿದರೂ ಎಚ್ಚರವಾಗದ ನಿದ್ದೆ. ಶಿಷ್ಯರು ಎಬ್ಬಿಸುತ್ತಾರೆ. ಎದ್ದವರು ಗಾಳಿಯನ್ನು ಗದರಿಸಿ ಸಮುದ್ರಕ್ಕೆ "ಸುಮ್ಮನಿರು, ಮೊರೆಯಬೇಡ" ಅನ್ನುತ್ತಾರೆ, ಕಡಲು ಶಾಂತವಾಗುತ್ತದೆ. ಹಳೆಯ ಒಡಂಬಡಿಕೆಯ ಕೀರ್ತನೆಗಳಲ್ಲಿ ಸಮುದ್ರದ ಅಬ್ಬರವನ್ನು ಅಡಗಿಸುವವರು ದೇವರು ಮಾತ್ರ. ದೋಣಿಯಲ್ಲಿದ್ದ ಯೆಹೂದ್ಯರಿಗೆ ಅದು ಗೊತ್ತು, ಅದಕ್ಕೇ ಬಿರುಗಾಳಿಗಿಂತ ಆಮೇಲಿನ ಮೌನಕ್ಕೆ ಅವರು ಹೆಚ್ಚು ಹೆದರಿದರು. ಅವರು ಕೇಳಿದ ಪ್ರಶ್ನೆಯೂ "ಈತನು ಯಾರು?" ಎಂಬುದೇ.

ನಿದ್ದೆ ಮಾಡಿದವರು ಒಬ್ಬರು, ಗದರಿಸಿದವರು ಇನ್ನೊಬ್ಬರು ಅಂತ ಮಾರ್ಕ ಬರೆಯಲಿಲ್ಲ. ಮುಂದಿನ ಶತಮಾನಗಳ ವಾದವೆಲ್ಲ ಇದನ್ನು ಕೆಡಿಸದೆ ಹೇಳುವುದು ಹೇಗೆ ಅನ್ನುವುದರ ಬಗ್ಗೆಯೇ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ದೈವತ್ವದ ಕಡೆಗೆ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಯೇಸುವನ್ನು ಬರೀ ಮನುಷ್ಯ ಅನ್ನಲಿಲ್ಲ. ಸೃಷ್ಟಿಯಾದವರಲ್ಲೆಲ್ಲ ಮೊದಲಿಗರು, ಮೇಲಿನವರು, ಲೋಕವೇ ಅವರ ಮೂಲಕ ಉಂಟಾಯಿತು ಅಂದ. ಆದರೆ ಅವರು ಇಲ್ಲದಿದ್ದ ಒಂದು ಸ್ಥಿತಿ ಇತ್ತು ಅಂದ. 325ರಲ್ಲಿ, ಇವತ್ತಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ, ಮಹಾಸಭೆ ಸೇರಿದ ಬಿಷಪರು ಕೊಟ್ಟ ಉತ್ತರ ಇವತ್ತಿಗೂ ಬಾಯಿಪಾಠ: ಜನಿಸಿದವರು, ಸೃಷ್ಟಿಯಾದವರಲ್ಲ. ಬಡಗಿ ಮಾಡಿದ ಮಂಚ ಬಡಗಿಯಂಥದ್ದಲ್ಲ. ಬಡಗಿಗೆ ಹುಟ್ಟಿದ ಮಗು ಬಡಗಿಯಂತೆಯೇ ಮನುಷ್ಯ. ಮಾಡಿದ್ದು ಬೇರೆ ಬಗೆಯದು, ಹುಟ್ಟಿದ್ದು ಅದೇ ಬಗೆಯದು. ಆದರೆ ಮಗು ಅಂದರೆ ತಂದೆಗಿಂತ ಕಿರಿದು ಅನ್ನುವ ಲೆಕ್ಕ ಇಲ್ಲಿ ನುಸುಳಬಾರದು, ಅದಕ್ಕೇ "ಬೆಳಕಿನಿಂದ ಬೆಳಕು" ಅಂತಲೂ ಸೇರಿಸಿದರು: ದೀಪ ಇದ್ದಾಗಿನಿಂದಲೇ ಅದರ ಬೆಳಕೂ ಇದೆ. ತಂದೆಯೊಡನೆ "ಒಂದೇ ಸಾರ" ಅನ್ನುವ ಪದದ ಬದಲು "ಹೋಲುವ ಸಾರ" ಅಂದು ರಾಜಿ ಮಾಡಿಕೊಳ್ಳೋಣ ಅಂದವರೂ ಇದ್ದರು. ಗ್ರೀಕಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಅಲೆಕ್ಸಾಂಡ್ರಿಯದ ಬಿಷಪ್ ಅಥನೇಷಿಯಸ್ ಬಗ್ಗಲಿಲ್ಲ; ಐದು ಸಲ ಗಡೀಪಾರಾಗಿ ಸುಮಾರು 17 ವರ್ಷ ಊರ ಹೊರಗೆ ಕಳೆದರು. ಕಾರಣ ಸರಳ: ಸೃಷ್ಟಿಯಾದವರು ಎಷ್ಟೇ ದೊಡ್ಡವರಾದರೂ ಸೃಷ್ಟಿಯನ್ನು ದೇವರೊಡನೆ ಸೇರಿಸಲಾರರು.

ದೈವತ್ವ ಗಟ್ಟಿಯಾದ ಮೇಲೆ ತಪ್ಪುಗಳು ಇನ್ನೊಂದು ಕಡೆಯಿಂದ ಬಂದವು. ಇವುಗಳಿಗೆ ಹೊಂದುವ ಹೋಲಿಕೆಗಳು ನಮ್ಮ ಸುತ್ತಲೇ ಸಿಗುತ್ತವೆ. ಧರ್ಮೋಪದೇಶ ಹೇಳಿಕೊಡುವವರು ಒಳ್ಳೆಯ ಉದ್ದೇಶದಿಂದ ಇವನ್ನೇ ಎತ್ತಿಕೊಂಡರೆ ಮಕ್ಕಳು ಗೊತ್ತಿಲ್ಲದೆ ಹಳೆಯ ತಪ್ಪನ್ನೇ ಕಲಿಯುತ್ತಾರೆ.

ಯಕ್ಷಗಾನದ ವೇಷ ಮೊದಲನೆಯದು. ಕಿರೀಟ, ಭುಜಕೀರ್ತಿ ಕಟ್ಟಿಕೊಂಡವರು ರಂಗದ ಮೇಲೆ ಕೌರವ. ಬೆಳಗಿನ ಜಾವ ಬಣ್ಣ ಒರೆಸಿದರೆ ಪಕ್ಕದ ಊರಿನವರು. ಯೇಸುವಿನ ದೇಹ ಇಂಥ ತೋರಿಕೆ ಅಂದವರು ಒಂದನೇ ಶತಮಾನದ ಕೊನೆಯ ಹೊತ್ತಿಗೇ ಇದ್ದರು, ಯೋಹಾನನ ಪತ್ರಗಳು ಅವರಿಗೆ ಉತ್ತರ ಕೊಡುತ್ತವೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ "ದಾಸನ ರೂಪವನ್ನು ಧರಿಸಿಕೊಂಡು" ಅಂತ ಕನ್ನಡದಲ್ಲಿ ಓದುವಾಗ ಎಚ್ಚರ ಬೇಕು. ಇದು ಅಂಗಿ ಧರಿಸಿದಂತೆ ಅಲ್ಲ. ಅದೇ ಸಾಲು ಶಿಲುಬೆಯ ಮರಣದವರೆಗೆ ಹೋಗುತ್ತದೆ. ವೇಷಕ್ಕೆ ಮರಣ ಇಲ್ಲ.

ಎರಡನೆಯದು ಕಸಿ. ಸೊರಗು ರೋಗಕ್ಕೆ ಜಗ್ಗದಿರಲಿ ಅಂತ ನಮ್ಮ ಬೆಳೆಗಾರರು ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿ ಕಟ್ಟುತ್ತಾರೆ. ಬೇರು ಹಿಪ್ಪಲಿಯದು, ಮೇಲಿನದು ಮೆಣಸಿನದು, ಗಿಡ ಒಂದು. ಅಪೊಲಿನಾರಿಸ್ ಅನ್ನುವ ಬಿಷಪರು ಹೇಳಿದ್ದು ಸುಮಾರಾಗಿ ಇದನ್ನೇ: ಯೇಸುವಿನ ದೇಹ ಮನುಷ್ಯನದು, ಮನಸ್ಸಿನ ಜಾಗದಲ್ಲಿ ಮಾತ್ರ ದೇವರ ವಾಕ್ಯ. ನೋಡಲು ಅಚ್ಚುಕಟ್ಟು, ಆದರೆ ಮನುಷ್ಯನ ಮನಸ್ಸು ಇಲ್ಲದ ಮನುಷ್ಯ ಮನುಷ್ಯನಲ್ಲ. ಅದೇ ಕಾಲದ ಬಿಷಪ್, ನಜಿಯಾನ್ಜಸಿನ ಗ್ರೆಗೊರಿ ಇದಕ್ಕೆ ಕೊಟ್ಟ ಉತ್ತರ ಇಡೀ ವಿಷಯದ ಬೀಗದ ಕೈ: ಅವರು ಯಾವುದನ್ನು ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ. ಪಾಪ ಹುಟ್ಟುವುದು ಮನಸ್ಸಿನಲ್ಲಿ. ಮನಸ್ಸನ್ನೇ ಬಿಟ್ಟು ಬರೀ ಮಾಂಸವನ್ನು ತೆಗೆದುಕೊಂಡರೆ ರೋಗ ಇರುವ ಜಾಗಕ್ಕೆ ಮದ್ದು ತಲುಪಲಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ಈ ಬೋಧನೆಯನ್ನು ತಳ್ಳಿಹಾಕಿತು.

ಮೂರನೆಯದು ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ದೂರದಿಂದ ಒಂದೇ ಹಸಿರು ಕಂಬ. ಹತ್ತಿರ ಬಂದರೆ ಎರಡು ಜೀವ, ಎರಡು ಬೇರು, ನಡುವೆ ಬರೀ ಆಸರೆ. ದೇವಪುತ್ರರು ಒಬ್ಬರು, ಮರಿಯಳ ಮಗ ಯೇಸು ಇನ್ನೊಬ್ಬರು, ಇಬ್ಬರೂ ಅನ್ಯೋನ್ಯವಾಗಿ ಕೂಡಿಕೊಂಡಿದ್ದರು ಅಂದರೆ ಹೀಗಾಗುತ್ತದೆ. ಈ ತಪ್ಪಿಗೆ ಕಾನ್‌ಸ್ಟಾಂಟಿನೋಪಲಿನ ಬಿಷಪ್ ನೆಸ್ಟೋರಿಯಸರ ಹೆಸರು ಅಂಟಿಕೊಂಡಿದೆ. ಅವರು ನಿಜಕ್ಕೂ ಇಷ್ಟು ದೂರ ಹೋಗಿದ್ದರೇ ಅನ್ನುವುದು ವಿದ್ವಾಂಸರಲ್ಲಿ ಇನ್ನೂ ಚರ್ಚೆಯ ವಿಷಯ. ಅವರು ಖಚಿತವಾಗಿ ಮಾಡಿದ್ದು "ದೇವಮಾತೆ" ಅನ್ನುವ ಪದಕ್ಕೆ ಅಡ್ಡಿ, "ಕ್ರಿಸ್ತಮಾತೆ" ಅನ್ನಿ ಅಂದರು. 431ರಲ್ಲಿ ಎಫೆಸದ ಮಹಾಸಭೆ, ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಮುಂದಾಳತ್ವದಲ್ಲಿ, ದೇವಮಾತೆ ಅನ್ನುವುದೇ ಸರಿ ಅಂತ ತೀರ್ಮಾನಿಸಿತು. ಜಪಸರ ಹಿಡಿದವರು ದಿನಾ ಹೇಳುವ ಈ ಪದ ಮರಿಯಮ್ಮನವರನ್ನು ಹೊಗಳಲಿಕ್ಕಿಂತ ಮೊದಲು ಅವರ ಮಗ ಯಾರು ಅನ್ನುವುದನ್ನು ಕಾಯುವ ಪದ. ತಾಯಿ ಹೆರುವುದು ಒಂದು "ಏನು" ಎಂಬುದನ್ನಲ್ಲ, ಒಬ್ಬ "ಯಾರು" ಎಂಬುವವರನ್ನು. ನಿಮ್ಮ ತಾಯಿ ಹೆತ್ತದ್ದು ಮಾನವತ್ವವನ್ನಲ್ಲ, ನಿಮ್ಮನ್ನು.

ನಾಲ್ಕನೆಯದು ಕೂಡಲಿ. ಶಿವಮೊಗ್ಗದಿಂದ ಹೆಚ್ಚು ದೂರವಿಲ್ಲದ ಆ ಸಂಗಮದಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆ ಆಗುತ್ತದೆ. ಸಂಗಮದ ಕೆಳಗೆ ಒಂದು ಕೊಡ ನೀರು ತುಂಬಿ ಇದರಲ್ಲಿ ತುಂಗೆ ಯಾವುದು ತೋರಿಸು ಅಂದರೆ ಯಾರಿಗೂ ಆಗದು. ಸುಂದರವಾದ ಹೋಲಿಕೆ, ಬಹಳ ಜನಕ್ಕೆ ಮೊದಲು ಹೊಳೆಯುವುದೂ ಇದೇ, ಆದರೆ ಇದರಲ್ಲಿ ಎರಡೂ ಕಳೆದುಹೋಗಿ ಮೂರನೆಯದೊಂದು ಹುಟ್ಟಿತು. ಯುಟಿಕಿಸ್ ಅನ್ನುವ ವೃದ್ಧ ಸನ್ಯಾಸಿ, ಕೂಡುವ ಮೊದಲು ಎರಡು ಸ್ವಭಾವ, ಕೂಡಿದ ಮೇಲೆ ಒಂದೇ ಅಂದಾಗ ಜನಕ್ಕೆ ಕೇಳಿಸಿದ್ದು ಇದು: ಸಮುದ್ರಕ್ಕೆ ಬಿದ್ದ ಹನಿಯ ಹಾಗೆ ಮಾನವತ್ವ ದೈವತ್ವದಲ್ಲಿ ಕರಗಿತು.

451ರಲ್ಲಿ, ಇವತ್ತಿನ ಇಸ್ತಾಂಬುಲ್ ನಗರದ ಭಾಗವಾಗಿರುವ ಕ್ಯಾಲ್ಸಿಡಾನಿನಲ್ಲಿ ಸುಮಾರು 500 ಬಿಷಪರು ಸೇರಿ ಒಂದು ವಾಕ್ಯಕ್ಕೆ ಬಂದರು. ಒಬ್ಬರೇ ಕ್ರಿಸ್ತರು, ಎರಡು ಸ್ವಭಾವಗಳಲ್ಲಿ: ಬೆರಕೆಯಾಗದೆ, ಬದಲಾಗದೆ, ಇಬ್ಭಾಗವಾಗದೆ, ಬೇರ್ಪಡದೆ. ಮೊದಲೆರಡು ಪದಗಳು ಕೂಡಲಿಯ ತಪ್ಪಿಗೆ ತಡೆ, ಕೊನೆಯೆರಡು ಮೆಣಸಿನ ಬಳ್ಳಿಯ ತಪ್ಪಿಗೆ. ನಾಲ್ಕೂ "ಅಲ್ಲ" ಅನ್ನುವ ಪದಗಳೇ ಅನ್ನುವುದನ್ನು ಗಮನಿಸಬೇಕು. ದೈವತ್ವ, ಮಾನವತ್ವ ಹೇಗೆ ಕೂಡಿದವು ಅಂತ ಕ್ಯಾಲ್ಸಿಡಾನ್ ವಿವರಿಸುವುದಿಲ್ಲ, ವಿವರಿಸಲು ಹೊರಟದ್ದೂ ಇಲ್ಲ. ತೋಟದ ಬೇಲಿ ಫಸಲು ಕೊಡುವುದಿಲ್ಲ. ಸುವಾರ್ತೆ ಕೊಟ್ಟ ಫಸಲು ದನದ ಬಾಯಿಗೆ ಹೋಗದಂತೆ ಕಾಯುತ್ತದೆ, ಅಷ್ಟೇ ಅದರ ಕೆಲಸ.

ಹೋಲಿಕೆ ಬೇಕೇಬೇಕು ಅಂದರೆ ಪುರಾತನರು ಹೆಚ್ಚು ನೆಚ್ಚಿದ್ದು ಕಾದ ಕಬ್ಬಿಣವನ್ನು. ಕುಲುಮೆಯಲ್ಲಿ ಕೆಂಪಗೆ ಕಾದ ಕತ್ತಿಯನ್ನು ನೆನೆಯಿರಿ. ಅಲಗಿನ ಯಾವ ಜಾಗ ಮುಟ್ಟಿದರೂ ಕಬ್ಬಿಣವೂ ಇದೆ, ಬೆಂಕಿಯೂ ಇದೆ. ಕಬ್ಬಿಣ ಬೆಂಕಿಯಾಗಲಿಲ್ಲ, ತೂಕ ಅಷ್ಟೇ ಇದೆ, ಬೆಂಕಿ ಕಬ್ಬಿಣವಾಗಲಿಲ್ಲ. ಕತ್ತಿ ಕಡಿಯುತ್ತದೆ, ಅದು ಕಬ್ಬಿಣದ ಕೆಲಸ. ಸುಡುತ್ತದೆ, ಅದು ಬೆಂಕಿಯ ಕೆಲಸ. ಆದರೆ ಹಸಿ ಕೊಂಬೆಗೆ ಬೀಸಿದಾಗ ಸುಡುತ್ತಾ ಕಡಿಯುವುದು ಒಂದೇ ಕತ್ತಿ. ಏಳನೇ ಶತಮಾನದ ಸನ್ಯಾಸಿ ಮ್ಯಾಕ್ಸಿಮಸ್ ಇದನ್ನು ಬಹಳ ಚೆನ್ನಾಗಿ ಬಳಸಿಕೊಂಡರು. ಹೋಲಿಕೆ ಮುರಿಯುವ ಜಾಗವನ್ನೂ ಹೇಳಿಬಿಡಬೇಕು: ಕತ್ತಿ ಆರುತ್ತದೆ. ಕ್ರಿಸ್ತರಲ್ಲಿ ಈ ಕೂಡುವಿಕೆ ಆರುವುದಿಲ್ಲ.

ಕ್ಯಾಲ್ಸಿಡಾನಿನ ಬೇಲಿಯನ್ನು ದಿನಬಳಕೆಯಲ್ಲಿ ಪರೀಕ್ಷಿಸುವ ವಿಧಾನ ಒಂದಿದೆ. ವಾಕ್ಯದ ಕರ್ತೃಪದ ನೋಡಬೇಕು. ಕರ್ತೃ "ಯಾರು" ಆಗಿದ್ದರೆ ಎರಡೂ ಸ್ವಭಾವಗಳ ಕ್ರಿಯೆಯನ್ನು ಅವರಿಗೆ ಹೇಳಬಹುದು. ಕರ್ತೃ "ಏನು" ಆಗಿದ್ದರೆ ಹೇಳಬಾರದು. "ದೇವಪುತ್ರರು ಸತ್ತರು": ಸರಿ, ತಮ್ಮ ಮಾನವತ್ವದಲ್ಲಿ ಅವರೇ ಸತ್ತರು. "ದೈವತ್ವ ಸತ್ತಿತು": ತಪ್ಪು. "ಮರಿಯಳ ಮಗ ಲೋಕವನ್ನು ಸೃಷ್ಟಿಸಿದರು": ಸರಿ. "ಯೇಸುವಿನ ಮಾನವತ್ವ ಲೋಕವನ್ನು ಸೃಷ್ಟಿಸಿತು": ತಪ್ಪು. ಕನ್ನಡದ ಕ್ರಿಯಾಪದ ಇಲ್ಲಿ ತಾನೇ ಸಾಕ್ಷಿ ಹೇಳುತ್ತದೆ: "ಸತ್ತರು" ಅನ್ನುವ ಜಾಗದಲ್ಲಿ "ಸತ್ತಿತು" ಬಂತೆಂದರೆ ನಿಂತು ನೋಡಬೇಕು. ಕಥೋಲಿಕರು "ಯೇಸುಸ್ವಾಮಿ ಹೇಳಿದರು" ಅನ್ನುತ್ತಾರೆ, ಪ್ರೊಟೆಸ್ಟೆಂಟರು ಹಳೆಯ ಬೈಬಲ್ಲಿನಂತೆ "ಯೇಸು ಹೇಳಿದನು" ಅನ್ನುತ್ತಾರೆ. ಅದು ಗೌರವದ ರೂಢಿಯ ವ್ಯತ್ಯಾಸ, ಸಿದ್ಧಾಂತದ್ದಲ್ಲ.

ಇದೇ ಪರೀಕ್ಷೆ ನಮ್ಮ ನೆರೆಹೊರೆಯ ಒಂದು ಹಳೆಯ ಬಿರುಕನ್ನೂ ಅರ್ಥ ಮಾಡಿಸುತ್ತದೆ. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ಮತ್ತು ಮಲೆನಾಡಿನ ಬೇರೆ ಕಡೆ ನೆಲೆಸಿದ ಸಿರಿಯನ್ ಕ್ರೈಸ್ತರಲ್ಲಿ ಹಲವು ಬಗೆ. ಸಿರೋ ಮಲಬಾರ್ ಕಥೋಲಿಕರಿಗೆ 2007ರಿಂದ ಭದ್ರಾವತಿಯಲ್ಲೇ ಬಿಷಪರ ಧರ್ಮಪ್ರಾಂತ್ಯ ಇದೆ, ಅವರು ಕ್ಯಾಲ್ಸಿಡಾನನ್ನು ಒಪ್ಪಿದವರು. ಜಾಕೋಬೈಟ್ ಮತ್ತು ಆರ್ಥೊಡಾಕ್ಸ್ ಸಿರಿಯನ್ನರು ಒಪ್ಪದವರು. ಅವರ ಪೂಜೆಯ ಮೊದಲ ಭಾಗದಲ್ಲಿ ಬರುವ "ಪರಿಶುದ್ಧ ದೇವರೇ" ಅನ್ನುವ ಸ್ತುತಿಗೆ "ನಮಗಾಗಿ ಶಿಲುಬೆಗೇರಿದವರೇ" ಅನ್ನುವ ಮಾತು ಸೇರಿದೆ. ಐದನೇ ಶತಮಾನದಲ್ಲಿ ಅಂತಿಯೋಕ್ಯದಲ್ಲಿ ಸೇರಿಸಿದ್ದು. ಈ ಸ್ತುತಿ ತ್ರಿತ್ವಕ್ಕೆ, ಅಂದರೆ ತಂದೆ, ಪುತ್ರ, ಪವಿತ್ರಾತ್ಮ ಮೂವರಿಗೂ, ಅಂದುಕೊಂಡವರಿಗೆ ತಂದೆಯೇ ಶಿಲುಬೆಗೇರಿದಂತೆ ಕೇಳಿ ಗಾಬರಿಯಾಯಿತು. ಸಿರಿಯನ್ನರು ಅದನ್ನು ಕ್ರಿಸ್ತರೊಬ್ಬರಿಗೇ ಹಾಡುತ್ತಾರೆ, ಹಾಗೆ ಹಾಡಿದಾಗ ಕರ್ತೃ "ಯಾರು", ಮಾತು ಸರಿ. ಅವರು "ಒಂದೇ ಸ್ವಭಾವ" ಅನ್ನುವುದು ಯುಟಿಕಿಸನ ಅರ್ಥದಲ್ಲಲ್ಲ. ಯುಟಿಕಿಸನನ್ನು ಅವರೂ ತಳ್ಳಿಹಾಕಿದ್ದಾರೆ. ಸಿರಿಲ್ ಬಳಸಿದ ಹಳೆಯ ಮಾತನ್ನು ಬಿಡಲೊಲ್ಲದವರು ಅವರು, "ಎರಡು" ಅಂದ ಕೂಡಲೇ "ಇಬ್ಬರು" ಅಂದಂತೆ ಕೇಳಿಸುತ್ತದೆ ಅನ್ನುವುದು ಅವರ ಭಯ. 1990ರಲ್ಲಿ ಕಥೋಲಿಕ ಸಭೆಯೂ ಮಲಂಕರ ಆರ್ಥೊಡಾಕ್ಸ್ ಸಭೆಯೂ ಈ ವಿಷಯದಲ್ಲಿ ತಮ್ಮ ನಂಬಿಕೆಯ ತಿರುಳು ಒಂದೇ ಎಂದು ಒಪ್ಪಂದದ ಹೇಳಿಕೆಯನ್ನೇ ಪ್ರಕಟಿಸಿದವು. ಒಂದು ಪದದ ಸುತ್ತ ಹದಿನೈದು ಶತಮಾನ ದೂರ ಉಳಿದದ್ದು ನೋವಿನ ಸಂಗತಿ.

ಉಳಿದದ್ದು ಅತ್ಯಂತ ಸೂಕ್ಷ್ಮವಾದ ಜಾಗ, ಯೇಸುವಿನ ಒಳಗು. ಕಡೆಯ ದಿನದ ಬಗ್ಗೆ ತಂದೆಗೆ ಹೊರತು ಮಗನಿಗೂ ತಿಳಿಯದು ಅಂತ ಮಾರ್ಕ 13:32ರಲ್ಲಿ ಅವರೇ ಹೇಳುತ್ತಾರೆ. ಜ್ಞಾನದಲ್ಲಿ ಬೆಳೆದರು ಅಂತ ಲೂಕ 2:52 ಹೇಳುತ್ತದೆ. ಎಲ್ಲ ಬಲ್ಲ ದೇವರಿಗೆ ತಿಳಿಯದ್ದು ಉಂಟೇ? ಮನುಷ್ಯನ ಮನಸ್ಸು ನಿಜವಾಗಿ ಇತ್ತು ಅಂದಮೇಲೆ ಅದು ಮನುಷ್ಯನ ಮನಸ್ಸಿನಂತೆ ಕಲಿಯಲೇಬೇಕು. ನಜರೇತಿನಲ್ಲಿ ಉಳಿ ಹಿಡಿಯುವುದನ್ನು ಕಲಿತದ್ದು ನಟನೆಯಲ್ಲ. 13ನೇ ಶತಮಾನದ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಮೊದಲು ಯೇಸು ಅನುಭವದಿಂದ ಕಲಿತದ್ದಿಲ್ಲ ಅಂತ ಬರೆದವರು, ಮುಂದೆ ತಮ್ಮ ಅಭಿಪ್ರಾಯ ಬದಲಾಗಿದೆ ಅಂತ ತೆರೆದು ಬರೆದುಕೊಂಡರು. ಭಕ್ತಿಯ ಭರದಲ್ಲಿ ನಾವು ಮಾಡುವ ತಪ್ಪು ಹೆಚ್ಚಾಗಿ ಇಲ್ಲೇ: ಯೇಸುವನ್ನು ದೊಡ್ಡವರಾಗಿಸಲು ಹೋಗಿ ಅವರ ಮಾನವತ್ವವನ್ನು ತೆಳ್ಳಗೆ ಮಾಡುತ್ತೇವೆ.

ಚಿತ್ತದ, ಅಂದರೆ ಇಚ್ಛೆಯ, ಪ್ರಶ್ನೆಗೆ ರಕ್ತವೇ ಹರಿಯಿತು. ಏಳನೇ ಶತಮಾನದಲ್ಲಿ ಚಕ್ರವರ್ತಿ ಹೆರಾಕ್ಲಿಯಸ್ ಕ್ಯಾಲ್ಸಿಡಾನನ್ನು ಒಪ್ಪಿದವರನ್ನೂ ಒಪ್ಪದವರನ್ನೂ ಒಟ್ಟಿಗೆ ತರಲು ಒಂದು ರಾಜಿ ಸೂತ್ರ ಹೊರಡಿಸಿದ: ಸ್ವಭಾವ ಎರಡಿರಲಿ, ಚಿತ್ತ ಒಂದೇ. ಮ್ಯಾಕ್ಸಿಮಸ್ ಎದುರು ನಿಂತರು. ಮನುಷ್ಯನ ಚಿತ್ತ ಇಲ್ಲದಿದ್ದರೆ ಸಾವಿನ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೆಮನೆ ತೋಟದಲ್ಲಿ ನಡೆದದ್ದು ಏನು? ಪವಿತ್ರ ಗುರುವಾರದ ರಾತ್ರಿ ಆರಾಧನೆಗೆ ಕೂತವರು ಧ್ಯಾನಿಸುವ ದೃಶ್ಯ ಅದು: ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿದ್ದು, ಆಮೇಲೆ ನನ್ನ ಚಿತ್ತವಲ್ಲ, ನಿನ್ನ ಚಿತ್ತವೇ ಆಗಲಿ ಅಂದದ್ದು. ಸಾವಿಗೆ ಹಿಂಜರಿಯುವುದು ದೇಹ ಇರುವ ಯಾವ ಜೀವಕ್ಕೂ ಸಹಜ, ಪಾಪವಲ್ಲ. ಆ ಹಿಂಜರಿಕೆ ನಿಜ, ಒಪ್ಪಿದ್ದೂ ನಿಜ. ಏದೆನ್ ತೋಟದಲ್ಲಿ ಮನುಷ್ಯನ ಚಿತ್ತ "ಒಲ್ಲೆ" ಅಂದಿತ್ತು. ಈ ತೋಟದಲ್ಲಿ ಮನುಷ್ಯನದೇ ಚಿತ್ತ "ಆಗಲಿ" ಅಂದಿತು. ಅದು ಮನುಷ್ಯನ ಚಿತ್ತ ಅಲ್ಲದಿದ್ದರೆ ಆ ಒಪ್ಪಿಗೆಯಲ್ಲಿ ನಮ್ಮ ಪಾಲು ಇಲ್ಲ. ಮ್ಯಾಕ್ಸಿಮಸರ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು, 662ರಲ್ಲಿ ತೀರಿಕೊಂಡರು. 681ರಲ್ಲಿ ಮುಗಿದ ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ಅವರು ಕಲಿಸಿದ್ದನ್ನೇ ಎತ್ತಿಹಿಡಿಯಿತು: ಎರಡು ಚಿತ್ತ, ಒಂದಕ್ಕೊಂದು ವಿರೋಧವಿಲ್ಲ.

ಹಾಗೆ ತೆಗೆದುಕೊಂಡ ಮಾನವತ್ವ ಶಿಲುಬೆಯೊಂದಿಗೆ ಮುಗಿಯಲಿಲ್ಲ. ಪುನರುತ್ಥಾನದ ಎಂಟು ದಿನಗಳ ಮೇಲೆ, ನೋಡದೆ ನಂಬಲೊಲ್ಲೆ ಅಂದಿದ್ದ ಶಿಷ್ಯ ತೋಮನಿಗೆ ತೋರಿಸಿದ ಕೈಗಳಲ್ಲಿ ಮೊಳೆಯ ಗಾಯ ಹಾಗೇ ಇದೆ, ಪಕ್ಕೆಯಲ್ಲಿ ಈಟಿಯ ಗಾಯ ಇದೆ. ಸಾವನ್ನು ಗೆದ್ದ ದೇಹದಲ್ಲಿ ಗಾಯ ಮಾಯಬಾರದಿತ್ತೇ ಅನ್ನಿಸಬಹುದು. ಅದು ಅದೇ ದೇಹ, ಮರಿಯಳಲ್ಲಿ ಹುಟ್ಟಿದ್ದು, ದೋಣಿಯಲ್ಲಿ ದಿಂಬಿಗೆ ಒರಗಿದ್ದು. ತೋಮನ ಕಣ್ಣಿಗೆ ಬಿದ್ದದ್ದು ಮನುಷ್ಯನ ಗಾಯ. ಅವನ ಬಾಯಿಂದ ಬಂದದ್ದು "ನನ್ನ ಸ್ವಾಮಿ, ನನ್ನ ದೇವರು" ಅನ್ನುವ ಮಾತು.